ಒಂದು ರೂಪಾಯಿಯ ತೊಟ್ಟಿಲು

ಲಕ್ಷ್ಮೇಶ್ವರದ ಪೇಟೆಯಲ್ಲಿ ಗಾದಿ ಅಂಗಡಿ ಇಟ್ಟಿರುವ ಇಸಾಕ ನದಾಫ ತನ್ನ ನಲವತ್ತಾರು ವರ್ಷಗಳಲ್ಲಿ ಹೇಳಿದ ಸುಳ್ಳುಗಳನ್ನೆಲ್ಲ ಹಿಂಜಿ ತುಂಬಿದರೂ ಒಂದು ತಲೆದಿಂಬು ಆಗುತ್ತಿರಲಿಲ್ಲ. ಗಾದಿಗೆ ಅಳತೆ ಕೊಟ್ಟು ಹೋದ ಗಿರಾಕಿಗೆ "ನಾಳಿ ಬರ್ರಿ" ಎಂದದ್ದುಂಟು. ಆದರೆ ಗಾದಿ ಹೊಲಿಯುವವರ ಕುಲದಲ್ಲಿ ಅದನ್ನು ಸುಳ್ಳೆಂದು ಯಾರೂ ಹಿಡಿಯುವುದಿಲ್ಲ. ಇಂಥ ಮನುಷ್ಯ ಶಿರಹಟ್ಟಿಯ ಒಂದು ಮದುವೆಯಲ್ಲಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ, ಎರಡು ಶಬ್ದದ ಸುಳ್ಳು ಹೇಳಿಬಿಟ್ಟ.

ತಪ್ಪು ಪೂರ್ತಿ ಅವನದೂ ಅಲ್ಲ. ಎದುರಿಗೆ ಕುಳಿತು ಉಣ್ಣುತ್ತಿದ್ದವನು ಅವನ ಹೆಂಡತಿಯ ತಮ್ಮ ಇಜಾಜ. ಬೆಟಗೇರಿಯಲ್ಲಿ ಅವನದು ಸೀರೆ ಅಂಗಡಿ. ಉಣ್ಣುವುದಕ್ಕಿಂತ ಹೆಚ್ಚು ಮಾತನಾಡುತ್ತಿದ್ದ.

"ಈಗ ಅಂಗಡ್ಯಾಗ ನಾ ಕುಂಡ್ರೂದ ಇಲ್ರಿ. ಆನ್‌ಲೈನ್ ಅಂಗಡಿ ಒಂದು, ಸ್ಟಾಕು ನೋಡೋ ಸಾಫ್ಟ್‌ವೇರ್ ಒಂದು, ಎರಡಕ್ಕೂ ಗಂಟ ಹಾಕಿಬಿಟ್ಟೇನಿ. ಅಲ್ಲೆ ಒಂದು ಸೀರಿ ಮಾರಿತು ಅಂದ್ರ ಇಲ್ಲೆ ತಾನ ಒಂದು ಕಮ್ಮಿ ಆಗ್ತೈತಿ. ಆರ್ಡರ್ ತಾನ ಬರ್ತೈತಿ, ಪಾರ್ಸಲ್ ಗಾಡಿ ತಾನ ಬರ್ತೈತಿ. ನಾ ಬರೇ ಚಾ ಕುಡೀತೇನಿ." ಇಷ್ಟು ಹೇಳಿ ಇಸಾಕನ ಕಡೆ ತಿರುಗಿದ. "ನಿಂದು ಹೆಂಗ ಭಾಯಿ? ಇನ್ನ ಅದ ಡಬ್ಬಣ, ಅದ ದಾರ?"

ಸಾಲಿನಲ್ಲಿ ಕುಳಿತಿದ್ದ ಹನ್ನೆರಡು ಮಂದಿ ಇಸಾಕನ ಬಾಯಿ ನೋಡಿದರು.

"ನಮ್ಮದೂ ಜೋಡಿಸೇವಿ," ಎಂದ ಇಸಾಕ.

ಇಜಾಜನ ಕೈ ತಾಟಿನಲ್ಲೇ ನಿಂತಿತು. "ಖರೇನ? ಹಂಗಾರ ಬರೋ ಶುಕ್ರವಾರ ಬಂದು ನೋಡ್ತೇನಿ."

ಬಸ್ಸಿನಲ್ಲಿ ಊರಿಗೆ ಮರಳುವಾಗ ನಸ್ರೀನ ಗಂಡನನ್ನು ಕೇಳಿದಳು, "ಏನ ಜೋಡಿಸೀರಿ?"

"ಜೋಡಸ್ತೇನಿ."

"ಮಷೀನಿನ ಸೂಜಿಗೆ ದಾರಾ ಪೋಣಸಾಕ ನನ್ನ ಕರೀತೀರಿ," ಎಂದಳು ನಸ್ರೀನ. ಸೆರಗು ಮುಖಕ್ಕೆ ಎಳೆದುಕೊಂಡು ಲಕ್ಷ್ಮೇಶ್ವರ ಬರುವತನಕ ನಿದ್ದೆ ಮಾಡಿದಳು.

ಮರುದಿನವೇ ಇಸಾಕ ಒಂದು ಕಂಪನಿಯ ಆನ್‌ಲೈನ್ ಅಂಗಡಿಯನ್ನೂ ಇನ್ನೊಂದು ಕಂಪನಿಯ ಸ್ಟಾಕಿನ ಸಾಫ್ಟ್‌ವೇರನ್ನೂ ಫೋನಿಗೆ ಹಾಕಿಸಿಕೊಂಡ. ಒಂದು ಮಾರುವುದು, ಇನ್ನೊಂದು ಎಣಿಸುವುದು. ಎರಡಕ್ಕೂ ಸಂಬಂಧ ಕೂಡಿಸುವ ಕೆಲಸ ಮಾತ್ರ ಅವನಿಂದ ಆಗಲಿಲ್ಲ. ಕೊನೆಗೆ ಸಹಾಯವಾಣಿಗೆ ಫೋನು ಮಾಡಿದ. ಆ ಕಡೆ ಅಂಕಿತಾ ಎಂಬ ಹುಡುಗಿ. ಪಾಠದ ಪುಸ್ತಕದಂಥ ಕನ್ನಡ.

"ಸರ್, ಮೊದಲು ನಿಮ್ಮ ಅಂಗಡಿಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಫೋಟೋ ಸಮೇತ ನಮೂದಿಸಿ. ಒಂದನ್ನೂ ಬಿಡಬೇಡಿ."

"ಎಲ್ಲಾನೂ ಏನ್ರಿ?"

"ಎಲ್ಲವನ್ನೂ ಸರ್. ಅಂಗಡಿಯಲ್ಲಿ ಇರುವುದಕ್ಕೂ ಸಾಫ್ಟ್‌ವೇರಿನಲ್ಲಿ ಇರುವುದಕ್ಕೂ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು."

ಇಸಾಕ ಹೇಳಿದ ಮಾತು ಮೀರದ ಮನುಷ್ಯ. ಗಾದಿ, ದಿಂಬು, ಲೋಡು ಎಣಿಸಿದ. ಅರಳೆಯ ಮೂಟೆ, ದಾರದ ಉಂಡೆ ಎಣಿಸಿದ. ತಾನು ಕೂರುವ ಮಣೆಯ ಫೋಟೋ ಬೇಕೆಂದು ಅದರ ಮೇಲಿಂದ ಎದ್ದು ತೆಗೆದ. ಆಮೇಲೆ ಅಟ್ಟ ಹತ್ತಿದ.

ಆ ಅಟ್ಟದ ವಿಷಯ ಹೇಳಬೇಕು. ಓಣಿಯಲ್ಲಿ ಮಳೆಗಾಲದಲ್ಲೂ ತೇವ ಹಿಡಿಯದ ಜಾಗವೆಂದರೆ ಅದೊಂದೇ. ಹೀಗಾಗಿ ಇಸಾಕನ ಅಪ್ಪನ ಕಾಲದಿಂದಲೂ ಓಣಿಯವರು ಮನೆಯಲ್ಲಿ ಹಿಡಿಸದ, ಎಸೆಯಲು ಮನಸ್ಸಿಲ್ಲದ ಸಾಮಾನನ್ನೆಲ್ಲ ಅಲ್ಲಿ ತಂದಿಡುತ್ತಿದ್ದರು. ಹುಚ್ಚೀರಪ್ಪನ ಭಜನಾ ಮಂಡಳಿಯ ಹಾರ್ಮೋನಿಯಂ ಅಲ್ಲಿತ್ತು. ಜನ್ನತಬಿ ಹಜ್ ಯಾತ್ರೆಗೆಂದು ಕೊಂಡು, ಯಾತ್ರಿಕರ ಪಟ್ಟಿಯಲ್ಲಿ ಹೆಸರು ಬರುವುದನ್ನು ಕಾಯುತ್ತ ಇಟ್ಟಿದ್ದ ಹೊಸ ಸೂಟ್‌ಕೇಸು ಅಲ್ಲಿತ್ತು. ಮದುವೆಯ ದೊಡ್ಡ ಹಂಡೆಗಳು, ಯಾರದೋ ಅಜ್ಜನ ಗಡಿಯಾರ, ಯಾವ ಬಾಗಿಲಿಗೂ ಸೇರದ ಒಂದು ಚೌಕಟ್ಟು. ಎಲ್ಲಕ್ಕಿಂತ ಹಿಂದೆ, ಬಟ್ಟೆ ಸುತ್ತಿ ಇಟ್ಟಿದ್ದ, ಎದುರುಮನೆಯ ಗುರುಸಿದ್ದವ್ವನ ತೊಟ್ಟಿಲು.

ಅದು ಕಲಘಟಗಿಯ ಬಣ್ಣದ ತೊಟ್ಟಿಲು. ಗುರುಸಿದ್ದವ್ವನ ಅತ್ತೆಗೆ ತವರಿನವರು ಕೊಟ್ಟದ್ದು. ನಾಲ್ಕು ಮೂಲೆಗೆ ನಾಲ್ಕು ಗಿಳಿ. ಒಂದು ಗಿಳಿಗೆ ಕೊಕ್ಕಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನ ಅದು ಅಟ್ಟದಿಂದ ಇಳಿಯುತ್ತಿತ್ತು. ಇಸಾಕ ಅದರಲ್ಲೇ ಮಲಗಿದ್ದ. ಅವನ ಮಗಳು ನೂರೀನಳೂ ಅದರಲ್ಲೇ ಮಲಗಿ, ಬೆಳೆದು, ಹಾವೇರಿಗೆ ಗಂಡನ ಮನೆಗೆ ಹೋಗಿದ್ದಳು.

ಇವೆಲ್ಲ ತನ್ನವಲ್ಲ ಎಂಬುದು ಇಸಾಕನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಅಂಗಡಿಯಲ್ಲಿ ಇವೆಯಲ್ಲ. ಆ ಹುಡುಗಿ ಒಂದನ್ನೂ ಬಿಡಬೇಡಿ ಎಂದಿದ್ದಾಳಲ್ಲ. ಎಲ್ಲದರ ಫೋಟೋ ಹೊಡೆದ. ಬೆಲೆ ಬರೆಯುವ ಕಡೆ ತೊಡಕಾಯಿತು. ಪರರ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ? ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಂದೆ ಹೋಗಲೊಲ್ಲದು. ಸೊನ್ನೆ ಹಾಕಿದರೆ ಕೆಂಪಗಾಗುತ್ತದೆ. ಒಂದು ಹಾಕಿ ನೋಡಿದ. ಹಸಿರಾಯಿತು. ಅಟ್ಟದ ಮೇಲಿನ ಮೂವತ್ತೊಂದು ವಸ್ತುಗಳಿಗೂ ಒಂದೊಂದು ರೂಪಾಯಿ ಬರೆದು, ನ್ಯಾಯವಂತನ ಸಮಾಧಾನದಿಂದ ಕೆಳಗಿಳಿದ.

ಶುಕ್ರವಾರ ನಮಾಜು ಮುಗಿದ ಮೇಲೆ ಇಜಾಜ ಬಂದ. ಇಸಾಕ ಅವನಿಗೆ ಗಿರ್ಮಿಟ್ಟು, ಮೆಣಸಿನಕಾಯಿ ಭಜಿ ತರಿಸಿದ. ಫೋನನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿ, ಅಂಕಿತಾ ಹೇಳಿಕೊಟ್ಟಿದ್ದ ಜೋಡಣೆಯ ಗುಂಡಿ ಒತ್ತಿದ. ಒಂದು ಚಕ್ರ ತಿರುಗಿತು. ತಿರುಗಿ ತಿರುಗಿ ನಿಂತಿತು. ಅಂಗಡಿಯ ಸಾಮಾನೆಲ್ಲ ಆನ್‌ಲೈನ್ ಅಂಗಡಿಯಲ್ಲಿ ಸಾಲಾಗಿ ಬಂದು ಕುಳಿತವು.

"ಅಲ್ಲೋ ಭಾಯಿ, ಖರೇನ ಜೋಡಿಸೀಯಲ್ಲೋ," ಎಂದ ಇಜಾಜ. ಅವನ ದನಿಯಲ್ಲಿ ಏನೋ ಒಂದು ನೋವಿತ್ತು. ಇಸಾಕ ಅದನ್ನು ಹೊಟ್ಟೆಕಿಚ್ಚೆಂದು ತಿಳಿದು ಸುಖಪಟ್ಟ.

ಅಷ್ಟರಲ್ಲಿ ಫೋನು ಟಿಂಗ್ ಎಂದಿತು.

"ಏನದು?"

"ಅದು ಹಂಗ ಅಂತೈತಿ. ಜೋಡಣಿ ಆತು ಅಂತ ಹೇಳಾಕ."

ಪರದೆಯ ಮೇಲೆ 'ಒಪ್ಪಿಕೊಳ್ಳಿ' ಎಂಬ ಗುಂಡಿ ಬಂತು. ಹೆಂಡತಿಯ ತಮ್ಮನ ಎದುರು ತಡಬಡಿಸುವುದುಂಟೇ? ಇಸಾಕ ಭಜಿ ಹಿಡಿದ ಕೈಯ ಕಿರುಬೆರಳಿನಿಂದ ಅದನ್ನು ಒತ್ತಿದ. ಅವನ ಜೀವನದಲ್ಲಿ ಅದಕ್ಕಿಂತ ಠೀವಿಯ ಗಳಿಗೆ ಹಿಂದೆ ಬಂದಿರಲಿಲ್ಲ. ಮುಂದೆ ಬರುವ ಲಕ್ಷಣವೂ ಇಲ್ಲ.

ಮರುದಿನ ಗಾದಿಯ ಅರಿವೆ ತರಲು ಅವನು ಬೆಟಗೇರಿಗೆ ಹೋಗಿದ್ದ. ಅಂಗಡಿಯಲ್ಲಿ ನಸ್ರೀನ ಒಬ್ಬಳೇ. ಒಂದು ಗಾಡಿ ಬಂದು ನಿಂತಿತು. ಗಾಡಿಯವನು ಚೀಟಿ ತೋರಿಸಿದ; ಅದರ ಮೇಲೆ ತೊಟ್ಟಿಲಿನ ಚಿತ್ರ.

ಎದುರುಮನೆಯ ಗುರುಸಿದ್ದವ್ವನ ಮೊಮ್ಮಗಳು ಹಡೆದು ವಾರವಾಗಿತ್ತು. ನಸ್ರೀನ ಇಷ್ಟೇ ತಿಳಿದಳು: ತೊಟ್ಟಿಲು ಒಯ್ಯಲು ಗುರುಸಿದ್ದವ್ವ ಗಾಡಿ ಕಳಿಸಿದ್ದಾಳೆ. ರಸ್ತೆ ದಾಟಿಸಲು ಗಾಡಿ ಯಾಕೆಂಬ ಪ್ರಶ್ನೆ ಬಂತು. ಮುದುಕಿಗೆ ಸಡಗರ ಹೆಚ್ಚಾಗಿದೆ ಎಂಬ ಉತ್ತರವೂ ಅದರ ಹಿಂದೆಯೇ ಬಂತು. "ಗಿಳಿ ಸಂಭಾಳಿಸ್ರಿ," ಎಂದು ಹೇಳಿ, ಗೀರು ಬೀಳದಂತೆ ಅಂಗಡಿಯ ಒಂದು ಒಳ್ಳೆಯ ಗಾದಿಯನ್ನೇ ಅಡಿಗೆ ಹಾಸಿ ಕಳಿಸಿಕೊಟ್ಟಳು.

ರವಿವಾರ ಸಂಜೆ ಗುರುಸಿದ್ದವ್ವ ಅಂಗಡಿಯ ಕಟ್ಟೆಗೆ ಬಂದು ಕುಳಿತಳು. ಎಂಬತ್ತರ ಹತ್ತಿರದ ಮುದುಕಿ. ಓಣಿಯ ಅರ್ಧ ಜನರನ್ನು ಅವರು ಕೂಸಿದ್ದಾಗ ಅವಳೇ ನೀರೆರೆದು ಬೆಳೆಸಿದವಳು.

"ಇಸಾಕಾ, ಗುರುವಾರ ಕೂಸಿನ್ನ ತೊಟ್ಟಲಕ್ಕ ಹಾಕ್ತೀವಿ. ಬುಧವಾರ ಸಂಜಿಕ ಇಳಿಸಿಕೊಡು. ಒರಸಿಕೋಬೇಕು. ಐತಿಲ್ಲೊ?"

"ಐತಿ ಯವ್ವ. ಎಲ್ಲೆ ಹೋಗ್ತೈತಿ?"

ಅವಳು ಹೋದ ಮೇಲೆ, ಧೂಳು ಕೊಡವಿ ಇಡೋಣವೆಂದು ಅಟ್ಟ ಹತ್ತಿದ. ತೊಟ್ಟಿಲಿಗೆ ಸುತ್ತಿದ್ದ ಬಟ್ಟೆ ಮಡಿಚಿ ಇಟ್ಟಿತ್ತು. ತೊಟ್ಟಿಲಿರಲಿಲ್ಲ.

"ನಿನ್ನೀನ ಕೊಟ್ಟೆನಲ್ಲ," ಎಂದಳು ನಸ್ರೀನ ಕೆಳಗಿನಿಂದ. "ಗುರುಸಿದ್ದವ್ವ ಕಳಿಸಿದ್ದ ಗಾಡ್ಯಾಂವಗ."

ಇಸಾಕ ಅಟ್ಟದ ಮೇಲೆಯೇ ಕುಳಿತು ಫೋನು ತೆಗೆದ. 'ತೊಟ್ಟಿಲು, ಒಂದು. ಬೆಲೆ, ಒಂದು ರೂಪಾಯಿ. ಮುಂಡರಗಿ. ಇಂದು ತಲುಪಿದೆ. ಗ್ರಾಹಕರ ಮೆಚ್ಚುಗೆ: ಐದು ನಕ್ಷತ್ರ.'

ಸೋಮವಾರ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋದ. ಹವಾಲ್ದಾರ ಹೊಳೆಯಪ್ಪ ಪರಿಚಯದವನು; ಅವನ ಬೆನ್ನುನೋವಿಗೆ ಗಟ್ಟಿ ಗಾದಿ ಹೊಲಿದುಕೊಟ್ಟವನೇ ಇಸಾಕ. ಹೊಳೆಯಪ್ಪ ಹೊಸ ಹಾಳೆ ತೆಗೆದು, ಪೆನ್ನು ಝಾಡಿಸಿ, ಶುರು ಮಾಡಿದ.

"ಏನ ಕಳುವಾಗೇತಿ?"

"ತೊಟ್ಟಲಾರಿ."

"ಒಯ್ದವರು ಯಾರು?"

"ಪಾರ್ಸಲ್ ಗಾಡ್ಯಾಂವ."

"ಬೀಗಾ ಮುರದಾನೇನು?"

"ಇಲ್ರಿ. ನನ್ನ ಹೆಂಡ್ತಿ ಕೊಟ್ಟಾಳ. ಗಾದಿ ಹಾಸಿ ಕೊಟ್ಟಾಳ."

ಹೊಳೆಯಪ್ಪ ಅಷ್ಟನ್ನು ಬರೆದು, ಮತ್ತೆ ಓದಿ, ಅರ್ಧ ಹೊಡೆದು ಹಾಕಿದ. "ಮಾರಿದವರು ಯಾರು?"

"ನಾನ."

"ತೊಟ್ಟಲಾ ಯಾರದು?"

"ಗುರುಸಿದ್ದವ್ವಂದು."

"ಎಷ್ಟಕ್ಕ ಮಾರೀದಿ?"

"ಒಂದು ರೂಪಾಯಿಗೆ."

ಹೊಳೆಯಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದ. "ಇಸಾಕಣ್ಣ, ಈ ಕಂಪ್ಲೇಂಟು ನಾ ಬರಕೊಂಡೆ ಅಂದ್ರ ಮೊದಲ ನಿನ್ನ ಒಳಗ ಹಾಕಬೇಕಾಗ್ತೈತಿ. ಆಮ್ಯಾಲ ಕಂಪ್ಲೇಂಟಿಗೆ ಸಹಿ ಮಾಡಾಕ ಹೊರಗ ಯಾರೂ ಇರೂದಿಲ್ಲ. ಚಾ ಕುಡದು ಮನಿಗೆ ಹೋಗು." ಹೇಳುತ್ತ ಹೇಳುತ್ತ ಇಸಾಕನ ಫೋನನ್ನು ಮೂಗಿನ ಹತ್ತಿರ ತಂದುಕೊಂಡ. "ಈ ಹಾರ್ಮೋನಿಯಂ ಚಲೋ ಐತಲ್ಲೋ. ಇದೂ ಒಂದ ರೂಪಾಯೇನು?"

ಇಸಾಕ ಫೋನು ಕಸಿದುಕೊಂಡು ಹೊರಬಿದ್ದ. ಚಹಾ ಕುಡಿಯಲಿಲ್ಲ.

ಅಂಗಡಿಗೆ ಬಂದು ಸಹಾಯವಾಣಿಗೆ ಫೋನು ಹಚ್ಚಿದ.

"ಚಿಂತಿಸಬೇಡಿ ಸರ್," ಎಂದಳು ಅಂಕಿತಾ. "ವಾಪಸಾತಿ ದಾಖಲಿಸಿದ್ದೇನೆ. ನೋಡಿ, ತೊಟ್ಟಿಲು ಮತ್ತೆ ನಿಮ್ಮ ಸ್ಟಾಕಿನಲ್ಲಿದೆ."

ನೋಡಿದ. ನಿಜ, 'ತೊಟ್ಟಿಲು: ಒಂದು' ಎಂದಿತ್ತು. ತೊಟ್ಟಿಲು ಮುಂಡರಗಿಯಲ್ಲೇ ಇದ್ದರೂ ಆ 'ಒಂದು' ನೋಡಿ ಇಸಾಕನಿಗೆ ಅರ್ಧ ಜೀವ ಬಂತು. ಆ ಅರ್ಧ ಜೀವ ಐದು ನಿಮಿಷ ಇತ್ತು. ಟಿಂಗ್. ಶಿರಹಟ್ಟಿಯ ಮೇಷ್ಟ್ರೊಬ್ಬರು ತೊಟ್ಟಿಲು ಕೊಂಡಿದ್ದರು.

ಇಸಾಕ ಆ ಆರ್ಡರನ್ನು ರದ್ದು ಮಾಡಿದ. ರದ್ದಾದೊಡನೆ ಸ್ಟಾಕು ಮತ್ತೆ ಒಂದಾಯಿತು. ಟಿಂಗ್. ಕಣಗಿನಹಾಳದವರೊಬ್ಬರು ಕೊಂಡರು. ಬೇರಿಗೇ ಕೈಹಾಕೋಣವೆಂದು, ಆನ್‌ಲೈನ್ ಅಂಗಡಿಯಿಂದ ತೊಟ್ಟಿಲನ್ನು ಪೂರ್ತಿ ಅಳಿಸಿದ. ಅಳಿಸಿ, ಹಣೆ ಒರೆಸಿಕೊಂಡು, ಒಂದು ಲೋಟ ನೀರು ಕುಡಿದ. ಅಷ್ಟರಲ್ಲಿ ಸ್ಟಾಕಿನ ಸಾಫ್ಟ್‌ವೇರು, ತನ್ನಲ್ಲಿರುವ ವಸ್ತು ಅಂಗಡಿಯಲ್ಲಿ ಕಾಣುತ್ತಿಲ್ಲವಲ್ಲ ಎಂದು ತಿಳಿದು, ತೊಟ್ಟಿಲನ್ನು ಹೊಸದಾಗಿ ತಂದಿಟ್ಟಿತು. ಟಿಂಗ್. ಗದಗದವರು.

"ಮೇಡಮ್, ನಾ ಅಳಸತೇನಿ, ಅದು ಮತ್ತ ಬರ್ತೈತಿ. ನಾ ಅಳಸತೇನಿ, ಅದು ಮತ್ತ ಬರ್ತೈತಿ."

"ಹೌದು ಸರ್. ಅದೇ ಜೋಡಣೆ. ಈಗ ಸರಿಯಾಗಿ ಕೆಲಸ ಮಾಡುತ್ತಿದೆ. ಅಭಿನಂದನೆಗಳು."

"ಇದನ್ನ ಬಿಡಿಸೂದು ಹೆಂಗ್ರಿ?"

"ಅರ್ಜಿ ಹಾಕಿದ್ದೇನೆ ಸರ್. ಮೂರು ಕೆಲಸದ ದಿನಗಳು."

ಮಾನ ಬಿಟ್ಟು ಇಜಾಜನಿಗೂ ಫೋನು ಮಾಡಿದ. "ಲೇ ಇಜಾಜ, ನೀ ಗಂಟ ಹಾಕಿದ್ದೆಲ್ಲ, ಅದನ್ನ ಬಿಚ್ಚೂದು ಹೆಂಗಂತ ಹೇಳು."

ಆ ಕಡೆ ಕುರ್ಚಿ ಸರಿದ, ಬಾಗಿಲು ಮುಚ್ಚಿದ ಸದ್ದು. "ಭಾಯಿ," ಎಂದ ಇಜಾಜ ದನಿ ತಗ್ಗಿಸಿ, "ನಮ್ಮದು ಇನ್ನ ಜೋಡಿಸಿಲ್ಲ. ಮುನೀಮ ವಹಿಯಾಗ ಬರೀತಾನ. ಅವತ್ತ ಸುಮ್ಮ ಅಂದಿದ್ದೆ. ನಿಂದು ನೋಡಿದ ಮ್ಯಾಲ ನಾಚಿಕಿ ಬಂದು, ನಿನ್ನ ಕೇಳಿ ಮಾಡಿಸಬೇಕಂತ ಮಾಡಿದ್ದೆ."

ಮಂಗಳವಾರ ಗುರುಸಿದ್ದವ್ವ ಮತ್ತೆ ಬಂದಳು. "ಇವತ್ತ ಇಳಸ್ತೀಯೇನು? ಬೀಗರು ನಾಳೇನ ಬರ್ತಾರಂತ."

ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಸಾಕ ಬಾಯಿ ತೆರೆದದ್ದೂ ಹೇಳಲೆಂದೇ. ಹೊರಬಂದ ಮಾತು ಬೇರೆ: "ಬಣ್ಣಾ ಹಚ್ಚಿಸಾಕ ಕೊಟ್ಟೇನಿ ಯವ್ವ. ಗುರುವಾರ ಮುಂಜಾನಿ ಬರ್ತೈತಿ."

ಗುರುಸಿದ್ದವ್ವನ ಮುಖ ಅರಳಿತು. "ನಾ ಕೇಳಲಾರದ ಬಣ್ಣಾ ಹಚ್ಚಸ್ತೀಯಾ? ನಿಮ್ಮಪ್ಪನ ಹೊಟ್ಟೀಗೆ ಹುಟ್ಟಿದಂವ ಖರೆ," ಎಂದು ಅವನ ಗದ್ದ ಮುಟ್ಟಿ ಹೋದಳು. ಸಂಜೆಯ ಹೊತ್ತಿಗೆ ಓಣಿಯ ಪ್ರತಿ ಮನೆಗೂ ಸುದ್ದಿ ಮುಟ್ಟಿತ್ತು. ಹುಚ್ಚೀರಪ್ಪ ಅಂಗಡಿಯ ಮುಂದೆ ನಿಂತು, "ನಮ್ಮ ಹಾರ್ಮೋನಿಯಂ ಪೆಟ್ಟಿಗೀಗೂ ಒಂದು ಕೈ ಪಾಲಿಶ್ ಹೊಡಿಸಿದ್ರ ಚಲೋ ಆಗ್ತಿತ್ತು ಇಸಾಕಣ್ಣ," ಎಂದು ಸಂಕೋಚದಿಂದ ಕೇಳಿ ಹೋದ.

ಬುಧವಾರ ಬೆಳಿಗ್ಗೆ ಇಸಾಕ ಮುಂಡರಗಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಕಟ್ಟಿಕೊಂಡ. "ನಮಸ್ಕಾರ್ರಿ, ನಾ ಲಕ್ಷ್ಮೇಶ್ವರದ ಇಸಾಕ, ತೊಟ್ಟಲಾ ತಪ್ಪಿ ಬಂದೈತಿ, ಬೇರೆ ಹೊಸಾದು ಕೊಡಸ್ತೇನಿ, ಅದನ್ನ ತಿರುಗಿ ಕೊಡ್ರಿ." ಶಿರಹಟ್ಟಿ ದಾಟುವಾಗ ಮಾತು ಬಾಯಿಪಾಠವಾಗಿತ್ತು. ಮುಂಡರಗಿಯಲ್ಲಿ ಇಳಿದು, ಆರ್ಡರಿನಲ್ಲಿ ಹೆಸರಿದ್ದ, ಬೀಜ ಗೊಬ್ಬರದ ಅಂಗಡಿಯ ಕುಬೇರಪ್ಪನವರ ಮನೆ ಕೇಳಿಕೊಂಡು ಹೋಗಿ, ಬಾಗಿಲಲ್ಲಿ ನಿಂತು, "ನಮಸ್ಕಾರ್ರಿ, ನಾ ಲಕ್ಷ್ಮೇಶ್ವರದ ಇಸಾಕ" ಎಂದ. ಮುಂದಿನದಕ್ಕೆ ಅವಕಾಶವಾಗಲಿಲ್ಲ.

"ಬಂದ್ರ್ಯಾ?" ಎಂದರು ಕುಬೇರಪ್ಪ. ಬಿಳಿ ಮೀಸೆಯ ಎತ್ತರದ ಮನುಷ್ಯ. ಇಸಾಕನ ಎರಡೂ ಕೈ ಹಿಡಿದುಕೊಂಡರು. "ಕಳಕವ್ವಾ, ಆರತಿ ತಾ. ತೊಟ್ಟಲಾ ಕೊಟ್ಟ ಪುಣ್ಯಾತ್ಮರು ಮನಿಗೇ ಬಂದಾರ."

ಅವರ ಹೆಂಡತಿ ಕಳಕವ್ವ ಆರತಿ ತಂದಳು. ಅಕ್ಕಪಕ್ಕದ ಮನೆಗಳಿಂದ ಜನ ಬಂದರು. ಯಾರೋ ಇಸಾಕನ ಹೆಗಲಿಗೆ ಶಾಲು ಹೊದಿಸಿದರು, ಇನ್ಯಾರೋ ಕೈಗೆ ತೆಂಗಿನಕಾಯಿ ಇಟ್ಟರು. ಪಡಸಾಲೆಯಲ್ಲಿ ತೊಟ್ಟಿಲು ತೂಗಿಬಿಟ್ಟಿತ್ತು. ಸುತ್ತ ಮಲ್ಲಿಗೆಯ ಮಾಲೆ. ಕೊಕ್ಕಿಲ್ಲದ ಗಿಳಿಗೂ ಅರಿಶಿನ ಕುಂಕುಮ. ಒಳಗೆ ಅಂಗೈಯಷ್ಟು ಮುಖದ ಕೂಸೊಂದು ಮಲಗಿತ್ತು.

"ನಮ್ಮ ಸೊಸಿಗೆ ಹನ್ನೊಂದು ವರ್ಷದ ಮ್ಯಾಲ ಆದ ಕೂಸು," ಎಂದರು ಕುಬೇರಪ್ಪ. "ಯಾವ ತೊಟ್ಟಲದಾಗ ಹಾಕೂದು ಅಂತ ಫೋನಿನ್ಯಾಗ ನೋಡಕೋತ ಕುಂತಿದ್ದೆ. ಕಲಘಟಗಿ ತೊಟ್ಟಲಾ, ಒಂದು ರೂಪಾಯಿ. ಒಂದು ರೂಪಾಯಿಗೆ ಯಾರರೆ ತೊಟ್ಟಲಾ ಮಾರ್ತಾರೇನ್ರಿ? ಅವಾಗ ತಿಳೀತು, ಯಾರೋ ದೊಡ್ಡವರು ಹರಕಿ ತೀರಸಾಕತ್ತಾರ ಅಂತ."

"ಹಂಗಲ್ರಿ," ಎಂದ ಇಸಾಕ. "ಅದು ತಪ್ಪಿ ಬಂದೈತ್ರಿ."

"ದೇವರು ಕೊಡೂದೆಲ್ಲಾ ಹಂಗ. ತಪ್ಪಿ ಬಂದಂಗ ಬರ್ತೈತಿ."

"ಖರೆ ಹೇಳ್ತೇನ್ರಿ, ಅದು ನಂದಲ್ರಿ."

ಕುಬೇರಪ್ಪ ನೆರೆದವರತ್ತ ತಿರುಗಿದರು. "ಕೇಳಿದ್ರೆ? ನಂದಲ್ಲ ಅಂತಾರ. ಇಂಥಾ ಮಾತು ಈ ಕಾಲದಾಗ ಯಾರ ಬಾಯಾಗ ಬರ್ತೈತಿ?"

ನೆರೆದವರು ತಲೆದೂಗಿದರು. ಮಕ್ಕಳಿಲ್ಲದ ಇಬ್ಬರು ಹೆಂಗಸರು ಮೊದಲು ತೊಟ್ಟಿಲಿಗೆ, ಆಮೇಲೆ ಇಸಾಕನ ಕಾಲಿಗೆ ಕೈ ಮುಗಿದರು. ಇಸಾಕ ಏನು ಅಂದರೂ ಅದು ಅವನ ವಿನಯಕ್ಕೆ ಸೇರುತ್ತಿತ್ತು. ಸುಮ್ಮನಿದ್ದರೆ ಮೌನಕ್ಕೂ ಅದೇ ಗತಿ.

ಉಣಿಸಿ ಕಳಿಸುವಾಗ ಕಳಕವ್ವ ಒಬ್ಬಳೇ ಅವನ ಹಿಂದೆ ಅಂಗಳದವರೆಗೆ ಬಂದಳು. "ಅಣ್ಣಾ, ನಿಮ್ಮ ಮಾರಿ ಯಾಕ ಹಿಂಗ ಬಾಡೇತಿ? ಬಂದಾಗಿಂದ ನೋಡಾಕತ್ತೇನಿ. ಏನರೆ ಹೇಳೂದಿದ್ರ ಹೇಳ್ರಿ."

ಇಸಾಕ ಹೇಳಲೆಂದೇ ಅವಳ ಕಡೆ ತಿರುಗಿದ. ಒಳಗೆ ಕೂಸು ಅತ್ತಿತು. ಬಳೆ ಸದ್ದಾಯಿತು, ತೊಟ್ಟಿಲಿನ ಸರಪಳಿ ಕಿರ್ರೆಂದಿತು, ಅಳು ನಿಂತಿತು. ಆ ಕಿರ್ರೆನ್ನುವ ಸದ್ದು ಅವನಿಗೆ ನೂರೀನ ಹುಟ್ಟಿದಾಗಿನಿಂದ ಗೊತ್ತು.

"ಏನಿಲ್ಲ ತಂಗಿ," ಎಂದ. "ಸರಪಳಿಗೆ ಒಂದು ಹನಿ ಎಣ್ಣಿ ಬಿಡ್ರಿ."

ಇದು ದೊಡ್ಡತನವೋ ಹೇಡಿತನವೋ ಎಂದು ಬಸ್ಸಿನಲ್ಲಿ ಅವನೇ ಬಹಳ ಹೊತ್ತು ಯೋಚಿಸಿದ. ಗೊತ್ತಾಗಲಿಲ್ಲ. ಪಕ್ಕದಲ್ಲಿ ಕುಳಿತವನು ಶಾಲು, ತೆಂಗಿನಕಾಯಿ ನೋಡಿ, "ಯಾವ ಸಭಾ ಇತ್ರಿ?" ಎಂದು ಕೇಳಿದ.

ಗುರುವಾರ ಬೆಳಿಗ್ಗೆ ಎಲ್ಲವನ್ನೂ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಇಸಾಕ ಗುರುಸಿದ್ದವ್ವನ ಮನೆಗೆ ಹೋದ. ಬೀಗರು ತುಂಬಿದ್ದರು. ಪಡಸಾಲೆಯ ತೊಲೆಗೆ ಕೊಂಡಿ ಹಾಕಿ, ಕೆಳಗೆ ರಂಗೋಲಿ ಬರೆದು, ಎಲ್ಲರೂ ಬಾಗಿಲು ನೋಡುತ್ತಿದ್ದರು. ಇಸಾಕ ಬರಿಗೈಯಲ್ಲಿ ಬಂದದ್ದು ನೋಡಿ ಗುರುಸಿದ್ದವ್ವ, "ತೊಟ್ಟಲಾ ಹಿಂದ ಬರಾಕತ್ತೈತೇನು?" ಎಂದಳು.

"ಯವ್ವ, ಒಂದು ಮಾತು," ಎಂದ ಇಸಾಕ.

ಅಷ್ಟರಲ್ಲಿ ಹೊರಗೆ ಗದ್ದಲವಾಯಿತು. ಆರ್ಡರು ರದ್ದಾದದ್ದನ್ನು ಒಪ್ಪದೆ, ಮೂರು ದಿನ ಕಾದು, ಶಿರಹಟ್ಟಿಯ ಮೇಷ್ಟ್ರು ತಾವೇ ಬಂದಿದ್ದರು. ಕಣಗಿನಹಾಳದವರು ಬಾಡಿಗೆಗೆ ಟಂಟಂ ಗಾಡಿ ಮಾಡಿಕೊಂಡು ಬಂದಿದ್ದರು. ಅಂಗಡಿಯ ಬಾಗಿಲಲ್ಲಿ ನಸ್ರೀನ ಗಾದಿ ಹೊಲಿಯುವ ಡಬ್ಬಣ ಹಿಡಿದು ನಿಂತದ್ದು ಕಂಡು, ಅಲ್ಲಿ ಏನೂ ಕೇಳದೆ, ಓಣಿಯವರನ್ನು ವಿಚಾರಿಸಿ ಇತ್ತ ಬಂದಿದ್ದರು.

"ಒಂದು ರೂಪಾಯಿಗೆ ತೊಟ್ಟಲಾ ಮಾರೋ ಇಸಾಕ ಅನ್ನಾಂವ ಇಲ್ಲೇ ಅದಾನೇನ್ರಿ?" ಎಂದರು ಮೇಷ್ಟ್ರು ಹೊಸ್ತಿಲಲ್ಲಿ ನಿಂತು. "ಅಡ್ವಾನ್ಸ್ ಒಂದು ರೂಪಾಯಿ ಕೊಟ್ಟೇನಿ."

ಗುರುಸಿದ್ದವ್ವ ಮೇಷ್ಟ್ರ ಕೈಯಿಂದ ಫೋನು ಇಸಿದುಕೊಂಡಳು. ಚಾಳೀಸು ಹಾಕಿಕೊಂಡು ನೋಡಿದಳು. ಚಿತ್ರದ ಮೇಲೆ ಬೆರಳಿಟ್ಟು ಗಿಳಿಗಳನ್ನು ಎಣಿಸಿದಳು. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

ಇಸಾಕ ಆಗ ಎಲ್ಲವನ್ನೂ ಹೇಳಿದ. ಶಿರಹಟ್ಟಿಯ ಊಟದಿಂದ ಹಿಡಿದು ಮುಂಡರಗಿಯ ಶಾಲಿನವರೆಗೆ ಒಂದನ್ನೂ ಬಿಡದೆ ಹೇಳಿದ. ಹನ್ನೊಂದು ವರ್ಷದ ಮೇಲೆ ಹುಟ್ಟಿದ ಕೂಸಿನ ವಿಷಯ ಬಂದಾಗ ಬೀಗರ ಪೈಕಿ ಒಬ್ಬಳು ಕಣ್ಣೊರೆಸಿಕೊಂಡಳು. ಕಣಗಿನಹಾಳದವರು ಮಾತ್ರ, "ಹಂಗಾರ ನಮ್ಮ ಟಂಟಂ ಬಾಡಿಗಿ ಯಾರು ಕೊಡ್ತಾರ?" ಎಂದು ಕೇಳಿದರು.

ಮುಹೂರ್ತ ಮೀರುತ್ತಿತ್ತು. ಸುದ್ದಿ ಕೇಳಿ ಓಡಿ ಬಂದ ನಸ್ರೀನ ತನ್ನ ಮದುವೆಯ ಸೀರೆಯನ್ನು ತೊಲೆಯ ಕೊಂಡಿಗೆ ಕಟ್ಟಿ ಜೋಳಿಗೆ ಮಾಡಿದಳು. ಕೂಸನ್ನು ಅದರಲ್ಲಿ ಹಾಕಿದರು, ಹೆಸರಿಟ್ಟರು, ಹಾಡಿದರು. ಕೂಸಿಗೆ ಏನೂ ಕೊರತೆಯಾದಂತೆ ಕಾಣಲಿಲ್ಲ, ನಿದ್ದೆ ಮಾಡಿತು.

ಎಲ್ಲ ಮುಗಿದ ಮೇಲೆ ಇಸಾಕ ಗುರುಸಿದ್ದವ್ವನ ಎದುರು ನೆಲದ ಮೇಲೆ ಕುಳಿತ. "ಯವ್ವ, ಬಯ್ಯಿ. ಬೇಕಾದ್ರ ಹೊಡಿ."

"ತೊಟ್ಟಲಾ ಹೋತು, ಹೋಗ್ಲಿ," ಎಂದಳು ಗುರುಸಿದ್ದವ್ವ. "ಒಂದು ಕೂಸು ಮಲಗೇತಂತಲ್ಲ. ಅದು ಇರೂದ ಅದಕ್ಕ. ಆದ್ರ ನಾ ಕೇಳಿದಾಗ ಬಣ್ಣಾ ಹಚ್ಚಾಕ ಕೊಟ್ಟೇನಿ ಅಂದೀ. ನಾ ಅದನ್ನ ಇಡೀ ಓಣ್ಯಾಗ ಹೇಳಿಕೋತ ಅಡ್ಡಾಡಿದೆ. ಅದನ್ನ ಏನ ಮಾಡ್ಲಿ ಹೇಳು."

ಇಸಾಕ ಎದ್ದು, ರಂಗೋಲಿ ತುಳಿಯದಂತೆ ಸುತ್ತಿ, ಮನೆಗೆ ಹೋದ.

ಉಳಿದ ಮೂವತ್ತು ಸಾಮಾನನ್ನು ಯಾರೂ ಕೊಳ್ಳುವ ಮೊದಲೇ ಅಂದು ಸಂಜೆ ಸಹಾಯವಾಣಿಯವರು ಜೋಡಣೆ ಬಿಡಿಸಿದರು. ಆದರೂ ಮರುದಿನದಿಂದ ಓಣಿಯವರು ಒಬ್ಬೊಬ್ಬರಾಗಿ ಅಂಗಡಿಗೆ ಬರತೊಡಗಿದರು. ಯಾರೂ ಜಗಳಾಡಲಿಲ್ಲ, ಜಗಳಾಡಿದ್ದರೆ ಇಸಾಕ ಹೇಗೋ ಉಸಿರಾಡುತ್ತಿದ್ದ. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿದರು. ಹಂಡೆಯವರು, "ಮನ್ಯಾಗ ಸ್ವಲ್ಪ ಜಾಗಾ ಆಗೇತ್ರಿ" ಎಂದು ಹಂಡೆ ಇಳಿಸಿಕೊಂಡರು. ಗಡಿಯಾರದವರಿಗೆ ಏಕಾಏಕಿ ವೇಳೆ ನೋಡುವ ಅಗತ್ಯ ಬಿತ್ತು. ಯಾವ ಬಾಗಿಲಿಗೂ ಸೇರದ ಚೌಕಟ್ಟಿಗೂ ಒಬ್ಬ ಒಡೆಯ ಹುಟ್ಟಿಕೊಂಡ. ಹುಚ್ಚೀರಪ್ಪ ಹಾರ್ಮೋನಿಯಂ ಒಯ್ಯುವಾಗ, "ಪಾಲಿಶ್ ನಾನ ಹೊಡಕೋತೇನಿ ತಗೋ, ನಿನಗ್ಯಾಕ ತ್ರಾಸು" ಎಂದ.

ಜನ್ನತಬಿ ಎಲ್ಲರಿಗಿಂತ ಕೊನೆಗೆ ಬಂದಳು. ಮುದುಕಿ ಕಟ್ಟೆಯ ಮೇಲೆ ಕುಳಿತು, ನೂರೀನಳ ಕ್ಷೇಮ ವಿಚಾರಿಸಿ, ಆಮೇಲೆ ಸೂಟ್‌ಕೇಸು ಕೇಳಿದಳು.

"ಖಾಲಾ, ನಿಮ್ಮ ಸೂಟ್‌ಕೇಸು ನಾ ಮಾರತೇನೇನ್ರಿ?" ಎಂದ ಇಸಾಕ.

"ನೀ ಮಾರೂದಿಲ್ಲಪಾ, ಅದು ನನಗ ಗೊತ್ತೈತಿ," ಎಂದಳು ಜನ್ನತಬಿ. "ಆದ್ರ ನೀ ಮಾರಿದ್ದು ನಿನಗ ಗೊತ್ತಾಗೂದಿಲ್ಲಲ್ಲ."

ಇಸಾಕ ತಾನೇ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಅವಳ ಮನೆಗೆ ಮುಟ್ಟಿಸಿ ಬಂದ. ಬಂದವನೇ ಅಟ್ಟ ಹತ್ತಿ ಕಸ ಹೊಡೆಯತೊಡಗಿದ. ಇಷ್ಟು ವರ್ಷ ಸಾಮಾನಿನ ಕೆಳಗೆ ಕಾಣದಿದ್ದ ಹಲಗೆಗಳು ಕಂಡವು. ಅಟ್ಟ ತಾನು ತಿಳಿದದ್ದಕ್ಕಿಂತ ಬಹಳ ದೊಡ್ಡದಿತ್ತು. ಒಂದು ಮೂಲೆಯಲ್ಲಿ ಕಾಲು ಚಾಚಿ ಕುಳಿತ.

ಕೆಳಗೆ ಯಾರೋ ಕೆಮ್ಮಿದರು. ಬಗ್ಗಿ ನೋಡಿದರೆ ಮತ್ತೆ ಹುಚ್ಚೀರಪ್ಪ.

"ಇಸಾಕಣ್ಣ," ಎಂದ ಹುಚ್ಚೀರಪ್ಪ, ನೆಲ ನೋಡುತ್ತ. "ಈ ಏಣಿನೂ ನಮ್ಮದ. ನಿಮ್ಮಪ್ಪ ಇದ್ದಾಗ ಕೊಟ್ಟಿದ್ವಿ. ನೀ ಮರತಿರಬೇಕು."

"ಒಯ್ಯಿ," ಎಂದ ಇಸಾಕ.

"ನೀ ಇಳದು ಬಾ. ಆಮ್ಯಾಲ ಒಯ್ತೇನಿ."

"ಇಳದು ಏನ ಮಾಡ್ಲಿ ಹುಚ್ಚೀರಪ್ಪ? ಕೆಳಗ ಬಂದ್ರ ಯಾರ ಮಾರಿ ನೋಡ್ಲಿ? ನೀ ಒಯ್ಯಿ."

ಹುಚ್ಚೀರಪ್ಪ ಏಣಿಗೆ ಕೈ ಹಾಕಿದ. ಗೋಡೆಯಿಂದ ಒಂದು ಗೇಣು ಎತ್ತಿದ. ಮೇಲೆ ನೋಡಿದ. ತಿರುಗಿ ಗೋಡೆಗೆ ಒರಗಿಸಿದ. ಒಯ್ಯಲು ಮನಸ್ಸು ಬರಲಿಲ್ಲ. ಬಿಟ್ಟು ಹೋದರೆ ಅದೂ ಎಲ್ಲಿ ಮಾರಿಹೋಗುತ್ತದೋ ಎಂಬ ಭಯವೂ ಹೋಗಲಿಲ್ಲ. ಅವನು ಎರಡೂ ಕೈಯಿಂದ ಏಣಿಯನ್ನು ಹಿಡಿದುಕೊಂಡು ಅಲ್ಲೇ ನಿಂತ. ಇಸಾಕ ಮೇಲೆ ಕುಳಿತೇ ಇದ್ದ.